ಬೇಲಿಯಾಚೆಯ ಹಲಸಿನ ಸೊಪ್ಪು

ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಕಾರ್ಗಲ್ಲಿನ ನಮ್ಮ ಕಾಲೊನಿಯಲ್ಲಿ ಪಾಳಿ ಬದಲಾಗುವ ನಾಲ್ಕರ ಸೈರನ್ ಕೂಗಿದ ಮೇಲೆಯೇ ನಾನು ಆಡಿಗೆ ಸೊಪ್ಪು ತರಲು ಹೊರಡುತ್ತಿದ್ದೆ. ಬೇಲಿಯ ತನಕ ಹತ್ತು ನಿಮಿಷದ ದಾರಿ. ಮೊನ್ನೆ ಕಡುಬಿಗೆಂದು ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತ ಕೂತಿದ್ದಾಗ ತೊಟ್ಟು ಮುರಿದಲ್ಲಿ ಬಿಳಿ ಸೊನೆ ಒಸರಿತು, ಅದರ ಹಸಿ ವಾಸನೆ ಬೆರಳಿಗೆ ಹತ್ತಿತು. ಅಷ್ಟೇ ಸಾಕಾಯಿತು. ಮತ್ತೆ ಹನ್ನೊಂದು ವರ್ಷದವಳಾಗಿ ಆ ಬೇಲಿಯ ಬಳಿ ನಿಂತಿದ್ದೆ. ಆಚೆ, ಹಲಸಿನ ಮರದ ಹಿಂದೆ, ತರಗೆಲೆಯ ಮೇಲೆ ಒಂದು ಮಂಗ ಸತ್ತು ಬಿದ್ದಿತ್ತು.

ನಮ್ಮದು ಆಡು ಸಾಕುವ ಮನೆಯಲ್ಲ. ಅಪ್ಪ ಅಣೆಕಟ್ಟಿನ ಕೆಲಸದಲ್ಲಿದ್ದರು. ಎರಡು ಕೋಣೆಯ ಕ್ವಾರ್ಟರ್ಸ್, ಹಿಂದೆ ಬಟ್ಟೆ ಒಗೆಯುವ ಕಲ್ಲು, ಒಂದು ಪೇರಲೆ ಮರ. ಒಂದೂವರೆ ವರ್ಷದ ತಮ್ಮನಿಗೆ ಹಸುವಿನ ಹಾಲು ಒಗ್ಗುತ್ತಿರಲಿಲ್ಲ. ಕುಡಿದದ್ದೆಲ್ಲ ವಾಂತಿಯಾಗಿ ಅವನ ಕೈಕಾಲು ಕಡ್ಡಿಯಂತಾದಾಗ, ಮನೆಗೆಲಸಕ್ಕೆ ಬರುತ್ತಿದ್ದ ಗಿರಿಜಕ್ಕ ತನ್ನ ಊರಿನಿಂದ ಚುಕ್ಕಿ ಎಂಬ ಗಿಡ್ಡ ಆಡನ್ನೂ ಅದರ ಮರಿಯನ್ನೂ ಹಗ್ಗ ಹಿಡಿದು ನಡೆಸಿಕೊಂಡು ಬಂದು ಪೇರಲೆ ಮರಕ್ಕೆ ಕಟ್ಟಿದಳು. ಚುಕ್ಕಿಯ ಹಾಲು ತಮ್ಮನ ಹೊಟ್ಟೆಯಲ್ಲಿ ನಿಂತಿತು. ತಿಂಗಳೊಳಗೆ ಅವನು ಗೋಡೆ ಹಿಡಿದು ನಡೆದ. ಅಮ್ಮ ಹಿನ್ನೀರಿನಾಚೆಯ ಸಿಗಂದೂರಿನ ದಿಕ್ಕಿಗೆ ಕೈ ಮುಗಿದಳು. ಗಿರಿಜಕ್ಕನಿಗೆ ಕುಚ್ಚಲಕ್ಕಿ ಗಂಜಿಯ ದೊಡ್ಡ ತಟ್ಟೆ ಇಟ್ಟಳು.

ಆಡಿನ ವಿದ್ಯೆಯನ್ನೆಲ್ಲ ನನಗೆ ಕಲಿಸಿದವಳು ಗಿರಿಜಕ್ಕ. ಸೊಪ್ಪನ್ನು ನೆಲಕ್ಕೆ ಹಾಕಬಾರದು, ಒಮ್ಮೆ ತುಳಿದದ್ದನ್ನು ಆಡು ಮೂಸಿಯೂ ನೋಡುವುದಿಲ್ಲ. ಕಟ್ಟು ಮಾಡಿ ಅದರ ಮೂತಿಯ ಎತ್ತರಕ್ಕೆ ನೇತುಹಾಕಬೇಕು. ಇಬ್ಬನಿ ಆರುವ ತನಕ ಎಳೆ ಸೊಪ್ಪು ಕೊಡಬಾರದು, ಹೊಟ್ಟೆ ಉಬ್ಬುತ್ತದೆ. ಹಿಂಡಿ ಒಂದು ಹಿಡಿ ಮಾತ್ರ, ಅದೂ ಕರೆಯುವಾಗ. ಗಿಡ್ಡ ಆಡಾದ್ದರಿಂದ ಒಗೆಯುವ ಕಲ್ಲಿನ ಮೇಲೆ ಹತ್ತಿಸಿ ನಿಲ್ಲಿಸುತ್ತಿದ್ದಳು. ಮೊದಲು ಮರಿಗೆ ನಾಲ್ಕು ಗುಟುಕು ಬಿಡುವುದು, ಆಮೇಲೆ ಬೆಚ್ಚಗಿನ ನೀರಲ್ಲಿ ಕೆಚ್ಚಲು ಒರೆಸುವುದು, ಮೊದಲ ಧಾರೆಯನ್ನು ನೆಲಕ್ಕೆ ಬಿಡುವುದು. ನಾನು ಮೊದಲ ದಿನ ಮೊಲೆ ಹಿಡಿದು ಜಗ್ಗಿದಾಗ ಚುಕ್ಕಿ ಪಾತ್ರೆಯನ್ನೇ ಒದ್ದಿತು.

"ಎಳೀಬ್ಯಾಡ ಮಾರಾಯ್ತಿ, ಅದೇನ್ ದೇವಸ್ಥಾನದ ಗಂಟೆ ಹಗ್ಗನಾ? ಹೆಬ್ಬೆರಳು ತೋರುಬೆರಳಲ್ಲಿ ಮೇಲುಗಡೆ ಅಮುಕು, ಹಾಲು ವಾಪಸ್ ಹೋಗ್ಬಾರ್ದು. ಆಮೇಲೆ ಒಂದೊಂದೇ ಬೆರಳು ಮುಚ್ಕೊಂಡ್ ಬಾ," ಎಂದಳು. ನಕ್ಕು ಸೇರಿಸಿದಳು: "ಸುಮಾ, ನೀನು ಓದೋದ್ರಲ್ಲಿ ಜಾಣೆ ಇರ್ಬೋದು, ಚುಕ್ಕಿ ಹತ್ರ ಒಂದನೇ ಕ್ಲಾಸೇ ಸೈ."

ಆ ವರ್ಷ ಬೇಸಿಗೆಗೆ ಮುಂಚೆಯೇ ಸುತ್ತಲಿನ ಕಾಡಿನಲ್ಲಿ ಮಂಗನ ಕಾಯಿಲೆಯ ಸುದ್ದಿ ಹಬ್ಬಿತ್ತು. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಕಚ್ಚಿದರೆ ಮನುಷ್ಯರಿಗೂ ಜ್ವರ, ಕೆಲವರು ಉಳಿಯುತ್ತಿರಲಿಲ್ಲ. ಆಡುಗಳನ್ನು ಕಾಡಿಗೆ ಬಿಡುವಂತಿಲ್ಲ. ಮಂಗ ಸತ್ತದ್ದು ಕಂಡರೆ ತಕ್ಷಣ ಹೇಳಬೇಕೆಂದು ಆರೋಗ್ಯದವರು ಮನೆಮನೆಗೆ ಬಂದು ಹೇಳಿ, ಉಣುಗು ಹತ್ತದಂತೆ ಕೈಕಾಲಿಗೆ ಸವರಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟು ಹೋಗಿದ್ದರು. ಅಪ್ಪ ಒಂದೇ ಮಾತು ಹೇಳಿದ್ದರು: "ಈ ಬೇಲಿ ಹತ್ರ ಒಂದು ಮಂಗ ಸತ್ರೂ ಸಾಕು, ಮಾರನೇ ದಿನ ಆಡು ವಾಪಸ್."

ಅಂದು ಗಿರಿಜಕ್ಕ ನೆಂಟರ ಮನೆಗೆ ಹೋಗಿದ್ದಳು. ಕಾಲೊನಿಯ ಒಳಗಿನ ಮರಗಳನ್ನು ಆಗಲೇ ಬೋಳು ಮಾಡಿದ್ದೆವು. ಕೆಳಗೆ ಬಾಗಿದ ಕೊಂಬೆಯಿದ್ದದ್ದು ಬೇಲಿಯಾಚೆಯ ಆ ಹಲಸೊಂದೇ. ನಾನು ಮಂಗವನ್ನು ನೋಡಿದೆ, ಈಚೆಗೆ ಚಾಚಿದ್ದ ರೆಂಬೆಯಿಂದ ನಾಲ್ಕೆಲೆ ಕಿತ್ತುಕೊಂಡು ಓಡಿ ಬಂದೆ, ಯಾರಿಗೂ ಹೇಳಲಿಲ್ಲ. ಹೇಳಿದರೆ ಚುಕ್ಕಿ ಹೋಗುತ್ತದೆ, ಚುಕ್ಕಿ ಹೋದರೆ ತಮ್ಮ ಮತ್ತೆ ಕಡ್ಡಿಯಾಗುತ್ತಾನೆ. ನನ್ನ ಲೆಕ್ಕ ಅಷ್ಟೇ ಇತ್ತು.

ಮರುದಿನ ಗಿರಿಜಕ್ಕ ಕತ್ತಿ ಹಿಡಿದು ಬಂದಳು. ಬೇಲಿಯ ಹತ್ತಿರ ನಿಂತು ಎಂದಿನಂತೆ ಕೇಳಿದಳು, "ಮಂಗ ಗಿಂಗ ಕಂಡ್ಯನೇ?"

"ಇಲ್ಲ," ಎಂದೆ.

ಅವಳು ಒಂದು ಗಳಿಗೆ ಮೂಗರಳಿಸಿ ನಿಂತಳು. ಆಮೇಲೆ ಬಾಟಲಿಯ ತಳದಲ್ಲಿದ್ದ ಎಣ್ಣೆಯನ್ನೆಲ್ಲ ನನ್ನ ಕಾಲಿಗೇ ಬಳಿದಳು. "ನೀನು ಇಲ್ಲೇ ನಿಂತು ಕಟ್ಟು ಕಟ್ಟು. ದಾಟ್ಬೇಡ." ದಿನವೂ ಅವಳ ಜೊತೆ ಆಚೆ ಹೋಗುತ್ತಿದ್ದ ನನಗೆ ಅದು ವಿಚಿತ್ರವೆನಿಸಿದರೂ, ಒಳಗೊಳಗೇ ಸಮಾಧಾನವಾಯಿತು. ಅವಳು ಬರಿಗಾಲಲ್ಲಿ ತರಗೆಲೆ ತುಳಿಯುತ್ತ ಹೋಗುವ ಸದ್ದನ್ನು ಕೇಳುತ್ತ ನಿಂತಿದ್ದೆ. ಇಂದಿಗೂ ಆ ಸದ್ದಿಗೆ ಅಡ್ಡ ಬಂದು ಕೂಗಬೇಕೆನಿಸುತ್ತದೆ. ಎಷ್ಟು ಸಲ ಮನಸ್ಸಿನಲ್ಲಿ ಕೂಗಿದ್ದೇನೋ.

ಏಳನೆಯ ದಿನ ಬೆಳಿಗ್ಗೆ ಗಿರಿಜಕ್ಕ ಬರಲಿಲ್ಲ. ಜ್ವರ, ತಲೆ ಎತ್ತಲಾರದಷ್ಟು ನೋವು, ಕಣ್ಣು ಕೆಂಡ ಎಂದು ಅವಳ ಊರಿನವರು ಹೇಳಿ ಹೋದರು. ಸಾಗರದ ಆಸ್ಪತ್ರೆಗೆ ಸೇರಿಸಿದರು. ಕೆಚ್ಚಲು ಬಿಗಿದು ಚುಕ್ಕಿ ಅರಚುತ್ತಿತ್ತು, ಒಳಗೆ ತಮ್ಮ ಅಳುತ್ತಿದ್ದ. ನಾನು ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಕರೆದೆ. ಎರಡು ಸಲ ಒದ್ದಿತು. ಮೂರನೆಯ ಸಲ, ಹಣೆಯನ್ನು ಅದರ ಪಕ್ಕೆಗೆ ಒತ್ತಿ ಒಂದೊಂದೇ ಬೆರಳು ಮುಚ್ಚುತ್ತ ಬಂದಾಗ, ಪಾತ್ರೆಯಲ್ಲಿ ಧಾರೆಯ ಸದ್ದು ಕೇಳಿತು. ಅವಳು ಹೇಳಿಕೊಟ್ಟದ್ದು ಕೈಗೆ ಬಂದ ದಿನ ಅವಳೇ ಇರಲಿಲ್ಲ.

ಸಂಜೆ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅವರು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಮರುದಿನ ಆರೋಗ್ಯದವರು ಬಂದು ಮಂಗದ ಅವಶೇಷ ಸುಟ್ಟು ಬಿಳಿ ಪುಡಿ ಎರಚಿದರು. ಅಮ್ಮ ನನ್ನನ್ನು ಬಚ್ಚಲಿಗೆ ಕರೆದೊಯ್ದು ಕೂದಲ ಬುಡದಿಂದ ಹೆಬ್ಬೆರಳಿನವರೆಗೆ ಉಣುಗು ಹುಡುಕಿದಳು. ಆಡಿನ ಮಾತೆತ್ತಿದಾಗ ಅಪ್ಪ, "ಇರ್ಲಿ, ಅವಳು ಬಂದು ಕೇಳಿದ್ರೆ ಏನ್ ತೋರ್ಸೋದು?" ಎಂದಷ್ಟೇ ಹೇಳಿ ಪೇಟೆಯಿಂದ ಒಣಹುಲ್ಲು, ಹಿಂಡಿ ತಂದರು. ಜ್ವರ ಬಿಟ್ಟಿತೆಂದು ಸುದ್ದಿ ಬಂದಾಗಲೂ ನಿಶ್ಚಿಂತೆಯಿರಲಿಲ್ಲ. ಈ ಜ್ವರ ಬಿಟ್ಟು ಮತ್ತೆ ಬರಬಹುದು ಎಂದಿದ್ದರಂತೆ ಡಾಕ್ಟರು. ಹಾಗೆಯೇ ಬಂತು, ಮೊದಲಿಗಿಂತ ಕೆಟ್ಟದಾಗಿ. ನಾವು ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ. ಗೇಟು ಕಿರ್ರೆಂದರೆ ಅದೇ ಸುದ್ದಿಯೆಂದು ಅಮ್ಮ ಎದ್ದು ಕೂರುತ್ತಿದ್ದಳು.

ಒಂದೂವರೆ ತಿಂಗಳ ಮೇಲೆ ಒಂದು ಭಾನುವಾರ ಗೇಟು ಕಿರ್ರೆಂದಿತು. ಗಿರಿಜಕ್ಕ ನಿಂತಿದ್ದಳು, ಅರ್ಧದಷ್ಟಾಗಿ. ನೇರ ಹಿತ್ತಲಿಗೆ ಹೋಗಿ ಚುಕ್ಕಿಯ ಮೊಲೆಗೆ ಕೈ ಹಾಕಿದಳು. ಕೈ ಗಡಗಡ ನಡುಗಿ ಧಾರೆ ಪಾತ್ರೆಯಾಚೆ ಕಲ್ಲಿನ ಮೇಲೆ ಬಿತ್ತು. ತನ್ನ ಬೆರಳುಗಳನ್ನೇ ನೋಡುತ್ತ, "ನೀನೇ ಕರಿಯೇ," ಎಂದಳು.

ನಾನು ಕರೆಯುತ್ತ, ಮುಖ ಎತ್ತದೆ, ಹೇಳಿದೆ. "ಅವತ್ತು ಮಂಗ ಕಂಡಿತ್ತು, ಗಿರಿಜಕ್ಕ."

"ಗೊತ್ತಿತ್ತು."

ನನ್ನ ಕೈ ನಿಂತಿತು.

"ವಾಸ್ನೆ ನಂಗ್ ಬರ್ಲಿಲ್ವಾ? ಎರಡು ಕಟ್ಟು ಸೊಪ್ಪು ತಂದ್ಕೊಂಡು ಆಮೇಲೆ ನಿಮ್ಮಪ್ಪಂಗೆ ಹೇಳಣ ಅನ್ಕಂಡೆ. ಮಗೀಗೆ ಹಾಲು ಬೇಕಿತ್ತಲ್ಲ. ಆಮೇಲೆ ಹೇಳಕ್ಕೇ ಬಾಯಿ ಬರ್ಲಿಲ್ಲ. ಕೈ ನಿಲ್ಲಿಸ್ಬೇಡ, ಹಾಲು ಮೇಲೆ ಹೋಗ್ತೈತಿ."

ಅವಳ ಕೈಯ ನಡುಕ ಪೂರ್ತಿ ಹೋಗಲಿಲ್ಲ. ಆಮೇಲೆ ಅವಳು ಎಂದೂ ಹಾಲು ಕರೆಯಲಿಲ್ಲ. ಈಗ ಆ ಕ್ವಾರ್ಟರ್ಸಿನ ಸಾಲಿಗೆ ಛಾವಣಿಯಿಲ್ಲ, ಒಗೆಯುವ ಕಲ್ಲಿನ ಸುತ್ತ ಲಂಟಾನ ಬೆಳೆದಿದೆ, ಗಿರಿಜಕ್ಕ ತೀರಿಕೊಂಡು ಬಹಳ ವರ್ಷವಾಯಿತು. ನನ್ನನ್ನು ಹಗುರ ಮಾಡಲು ಹಾಗೆ ಹೇಳಿದಳೇ ಎಂದು ಆಗಾಗ ಅನುಮಾನಿಸುತ್ತೇನೆ. ಆದರೆ ಬಾಟಲಿಯ ಕೊನೆಯ ಎಣ್ಣೆ ನನ್ನ ಕಾಲಿಗೆ ಬಿದ್ದದ್ದು ನೆನಪಾಗುತ್ತದೆ.

ಆ ಭಾನುವಾರ ತಮ್ಮ ಹಾಲು ಕುಡಿದು ಅವಳ ಮಡಿಲಲ್ಲೇ ಮಲಗಿದ. ಅಮ್ಮ ಅವಳನ್ನು ಊರಿಗೆ ಕಳಿಸದೆ ನಡುಮನೆಯಲ್ಲಿ ಹಾಸಿಕೊಟ್ಟಳು. ಅವಳ ನಡುಗುವ ಕೈಯನ್ನು ಹಿಡಿದು ಪಕ್ಕದಲ್ಲೇ ಮಲಗಿದೆ. ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು, ಮನೆಯಲ್ಲಿ ಯಾರೂ ಎದ್ದಿರಲಿಲ್ಲ, ಹಿತ್ತಲಲ್ಲಿ ಚುಕ್ಕಿ ನನ್ನನ್ನು ಕರೆಯುತ್ತಿತ್ತು.