ಕೇಳದೆ ಮೊಳೆತ ಆಲೂಗಡ್ಡೆ

ಆಲೂಗಡ್ಡೆಯಷ್ಟು ಹಟಮಾರಿ ತರಕಾರಿ ಇನ್ನೊಂದಿಲ್ಲ ಎನ್ನುವುದು ನನಗೆ ಐವತ್ತೆರಡು ದಾಟಿದ ಮೇಲೆ ತಿಳಿಯಿತು. ದಸರಾ ರಜೆಗೆ ತುಮಕೂರಿನ ಮಾವನ ಮನೆಯಲ್ಲಿ ಎಂಟು ದಿನ ಇದ್ದು ಬಂದು ಅಡುಗೆಮನೆಯ ದೀಪ ಹಾಕಿದರೆ, ಬುಟ್ಟಿಯಲ್ಲಿ ಬಿಟ್ಟುಹೋಗಿದ್ದ ಆಲೂಗಡ್ಡೆಗಳೆಲ್ಲ ಮೊಳೆತು ಕೂತಿದ್ದವು. ಮಣ್ಣಿರಲಿಲ್ಲ, ನೀರಿರಲಿಲ್ಲ, ಬಿಸಿಲಂತೂ ಇರಲೇ ಇಲ್ಲ. ಮೊಳೆಯಿರಿ ಎಂದು ಯಾರೂ ಕೇಳಿಕೊಂಡಿರಲೂ ಇಲ್ಲ. ಅವನ್ನೇ ಮಣ್ಣಿಗೆ ಹಾಕಿ, ನೀರು ಕೊಟ್ಟು, ಎರಡು ಹೊತ್ತು ಎದುರಿಗೆ ಕುಕ್ಕರಗಾಲಲ್ಲಿ ಕೂತು ಕಾದದ್ದೇ ತಡ, ಮದುವೆ ಮನೆಯಲ್ಲಿ ಮುನಿಸಿಕೊಂಡ ಸೋದರಮಾವನಂತೆ ಒಳಗೆ ಸೇರಿಕೊಂಡವು.

ನಾನು ಕಾಯುವ ಜಾತಿಯವನಲ್ಲ. ಲೆಕ್ಕದ ಮೇಷ್ಟ್ರು. ಹುಡುಗರು ಲೆಕ್ಕ ಬಿಡಿಸುತ್ತಿದ್ದರೆ ಅರ್ಧದಲ್ಲೇ ಬಾಯಿ ಹಾಕಿ ಉತ್ತರ ಹೇಳಿಬಿಡುತ್ತೇನೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ. ಇಡ್ಲಿ ಬೆಂದಿದೆಯೋ ಇಲ್ಲವೋ ಎಂದು ನಾಲ್ಕು ಸಲ ಮುಚ್ಚಳ ತೆಗೆದು ನೋಡಿ, ಇಡ್ಲಿಯೂ ಬೇಯದಂತೆ, ಹೆಂಡತಿಯೂ ಸುಮ್ಮನಿರದಂತೆ ಮಾಡುತ್ತೇನೆ. ಇಂಥವನು ಗಡ್ಡೆ ನೆಡಲು ಹೊರಟದ್ದೇ ತಪ್ಪು. ಆದರೆ ಮೊಳೆತದ್ದನ್ನು ಕಸಕ್ಕೆ ಹಾಕಲು ಮನಸ್ಸಾಗಲಿಲ್ಲ.

ನಾವಿರುವುದು ಅನ್ನಪೂರ್ಣೇಶ್ವರಿ ನಗರದ ಒಂದು ಬಾಡಿಗೆ ಮನೆಯಲ್ಲಿ. ಕೆಳಗೆ ನಾನು ಮತ್ತು ಹೆಂಡತಿ ಸವಿತಾ, ಮೇಲೆ ಮನೆಯ ಒಡತಿ ಪುಟ್ಟತಾಯಮ್ಮ. ಅವರಿಗೆ ಎಪ್ಪತ್ತು ದಾಟಿದೆ, ಒಬ್ಬರೇ ಇದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಈ ಬೀದಿಯ ಮನೆಗಳೆಲ್ಲ ಎದ್ದಿರುವುದು ಅವರ ಹೊಲದ ಮೇಲೆ. ಸೈಟುಗಳಾಗಿ ಒಂದೊಂದೇ ಕೈಬಿಟ್ಟು ಕೊನೆಗೆ ಉಳಿದ ಒಂದರಲ್ಲಿ ಗಂಡ ಈ ಮನೆ ಕಟ್ಟಿಸಿದರಂತೆ. ಇದನ್ನೆಲ್ಲ ಅವರು ನನಗೆ ಹೇಳಿದವರಲ್ಲ, ಸವಿತಾಳ ಮೂಲಕ ಬಂದ ಸುದ್ದಿ. ಮನೆಯ ಹಿಂದೆ ಒಂದು ಮಂಚ ಹಾಕುವಷ್ಟು ಮಣ್ಣಿನ ಜಾಗವಿದೆ. ಅಲ್ಲಿಗೆ ಎರಡೇ ದಾರಿ: ನಮ್ಮ ಅಡುಗೆಮನೆಯ ಹಿಂಬಾಗಿಲು, ಮತ್ತು ಮಹಡಿಯಿಂದ ಇಳಿಯುವ ಕಬ್ಬಿಣದ ಮೆಟ್ಟಿಲು. ಆ ಮೆಟ್ಟಿಲಿನಲ್ಲಿ ಪುಟ್ಟತಾಯಮ್ಮ ಇಳಿದದ್ದನ್ನು ನಾವು ಬಂದ ಆರು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಗಡ್ಡೆ ಹಾಕಲೇ ಎಂದು ಕೇಳಲು ಮೇಲೆ ಹೋದಾಗ ಅವರು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಅಲ್ಲೇನ್ ಬರುತ್ತೆ ಮೇಷ್ಟ್ರೇ. ಮನೆ ಕಟ್ಟುವಾಗ ಉಳಿದಿದ್ ಜಲ್ಲಿ, ಗಾರೆ ಎಲ್ಲಾ ಅಲ್ಲಿಗೇ ತುಂಬಿದ್ರು. ಅದು ಸತ್ತ ಮಣ್ಣು."

"ನೋಡೋಣ ಅಂತಮ್ಮ."

"ನೋಡಿ. ದೀಪಾವಳಿ ಕಳೀಲಿ, ಮುನಿರಾಜು ಬಂದು ಸಿಮೆಂಟ್ ಹಾಕ್ತಾನೆ. ಬಟ್ಟೆ ಒಗೆಯೋಕೆ ಚೊಕ್ಕವಾಗಿರುತ್ತೆ. ಅಷ್ಟರೊಳಗೆ ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ."

ಮುನಿರಾಜು ಎಂದರೆ ಅವರ ಮನೆಯ ಕಾಯಂ ಮೇಸ್ತ್ರಿ. ದೀಪಾವಳಿ ಕಳೆಯಲು ಎರಡು ವಾರವಷ್ಟೇ ಇತ್ತು. ನನ್ನ ಗಡ್ಡೆಗಳು ಹಸಿರು ತೋರಿಸದಿದ್ದರೆ ಅವುಗಳ ಮೇಲೆ ಸಿಮೆಂಟು ಬೀಳುವುದು ಖಚಿತವಾಯಿತು.

ಜಲ್ಲಿ ಆರಿಸಿ, ಹಳೆಯ ಕುಂಡಗಳ ಮಣ್ಣು ಬೆರೆಸಿ ಹನ್ನೊಂದು ಗಡ್ಡೆ ನೆಟ್ಟೆ. "ಮೊಳಕೆ ಕಿತ್ತು ಹಾಕಿದ್ರೆ ಎರಡು ದಿನದ ಪಲ್ಯ ಆಗ್ತಿತ್ತು" ಎಂದು ಸವಿತಾ ಬಾಗಿಲಲ್ಲಿ ನಿಂತು ಹೇಳಿದಳು. ಅವಳ ಮಾತಿನಲ್ಲೂ ನ್ಯಾಯವಿತ್ತು. ಈ ಗಡ್ಡೆ ನಮ್ಮ ಪಲ್ಯಕ್ಕೆ, ಸಾಗುವಿಗೆ, ದೋಸೆಯ ಹೊಟ್ಟೆಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಇದು ಕಡಲು ದಾಟಿ ಬಂದ ಪರದೇಶಿ ಎನ್ನುವುದು ನೆನಪಿಗೇ ಬರುವುದಿಲ್ಲ. ನನ್ನ ಅಜ್ಜಿಗೆ ಮಾತ್ರ ನೆನಪಿತ್ತು. ತಿಥಿಯ ಅಡುಗೆಗೆ ಅದನ್ನು ಸೇರಿಸುತ್ತಿರಲಿಲ್ಲ. ನಮ್ಮ ಹಿರಿಯರಿಗೆ ಅದರ ಪರಿಚಯವಿಲ್ಲ, ಎಲೆಯಲ್ಲಿ ಕಂಡರೆ ಗಾಬರಿಯಾದಾರು ಎನ್ನುತ್ತಿದ್ದಳು. ಪುಟ್ಟತಾಯಮ್ಮ ಅದನ್ನು ಉರುಳಗಡ್ಡೆ ಎನ್ನುತ್ತಾರೆ. ನನಗೂ ಆ ಹೆಸರೇ ಇಷ್ಟ. ಎಲ್ಲಿಂದಲೋ ಉರುಳಿ ಬಂದು ಇಲ್ಲಿ ನಿಂತದ್ದು ತಾನೆ. ಇನ್ನು ಅದರ ಮೈಮೇಲಿನ ಗುಳಿಗಳನ್ನು ಕಣ್ಣು ಎಂದು ಕರೆದವನಿಗೆ ದೊಡ್ಡ ನಮಸ್ಕಾರ. ಒಂದೊಂದಕ್ಕೂ ಏಳೆಂಟು ಕಣ್ಣಿದ್ದರೂ ಆ ದಿನಗಳಲ್ಲಿ ನೋಡುವ ಕೆಲಸವೆಲ್ಲ ನನ್ನ ಎರಡರ ಮೇಲೇ ಬಿದ್ದಿತ್ತು, ಅದೂ ಕನ್ನಡಕದ ಸಮೇತ.

ಮೊದಲ ನಾಲ್ಕು ದಿನ ಗಂಭೀರವಾಗಿದ್ದೆ. ಐದನೆಯ ದಿನ ಒಂದು ಹಸಿರು ಚುಕ್ಕೆ ಕಂಡು ಸವಿತಾಳನ್ನು ಕೂಗಿ ಕರೆದೆ. ಅವಳು ಬಗ್ಗಿ ನೋಡಿ, "ಗರಿಕೆ" ಎಂದು ಹೇಳಿ ಒಳಗೆ ಹೋದಳು. ಏಳನೆಯ ದಿನ ಜೋರು ಮಳೆ ಬಂತು, ಮರುದಿನ ಬಿಸಿಲು ಬಂತು, ಮಣ್ಣಿನ ಮೇಲೆ ಹಪ್ಪಳದಂಥ ಪದರ ಕಟ್ಟಿತು. ಶಾಲೆಯ ಸ್ಟಾಫ್ ರೂಮಿನಲ್ಲಿ ದಿನವೂ ವಿಚಾರಣೆ ಶುರುವಾಗಿತ್ತು. ನೆಟ್ಟ ದಿನವೇ ಎಲ್ಲರಿಗೂ ಹೇಳಿಬಿಟ್ಟಿದ್ದೆನಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಮಾಡಬಾರದ್ದನ್ನು ಮಾಡಿದೆ. ಅಡುಗೆಮನೆಯಿಂದ ಒಂದು ಚಮಚ ತಂದು, ಮೂಲೆಯ ಗಡ್ಡೆಯ ಸುತ್ತ ಮೆಲ್ಲಗೆ ಕೆದಕಿದೆ. ಒಳಗೆ ಬೆರಳುದ್ದದ ಬಿಳಿ ಮೊಳಕೆ ಮೇಲಕ್ಕೆ ಹೊರಟಿತ್ತು. ಆನಂದವಾಯಿತು. ಆ ಆನಂದದಲ್ಲಿ ಕೈ ತಗುಲಿ ಮೊಳಕೆ ಪಟ್ಟನೆ ಮುರಿಯಿತು. ಕಳ್ಳನಂತೆ ಮಣ್ಣು ಮುಚ್ಚುತ್ತಿದ್ದಾಗ ಮೇಲಿನಿಂದ ದನಿ ಬಂತು.

"ಏನ್ ಹುಡುಕ್ತಿದೀರಾ ಮೇಷ್ಟ್ರೇ?"

ಪುಟ್ಟತಾಯಮ್ಮ ಬಟ್ಟೆ ಒಣಹಾಕುತ್ತಾ ನಿಂತಿದ್ದರು.

"ಚಮಚ ಬಿದ್ದಿತ್ತಮ್ಮ" ಎಂದೆ.

"ಕೈಲೇ ಇದೆಯಲ್ಲ."

ಸುಮ್ಮನೆ ಒಳಗೆ ಹೋಗಬೇಕಿತ್ತು. ಮುರಿದದ್ದು ಒಂದೇ, ಉಳಿದವು ಹೇಗಿವೆಯೋ ಎಂಬ ಚಿಂತೆ ಬಿಡಲಿಲ್ಲ. ಸಂಜೆ ಶಾಲೆಯಿಂದ ಬಂದವನೇ ಎರಡನೆಯದಕ್ಕೆ ಚಮಚ ಹಾಕಿದೆ. ಆಗ ಕಬ್ಬಿಣದ ಮೆಟ್ಟಿಲು ಕಿರುಗುಟ್ಟಿತು. ಪುಟ್ಟತಾಯಮ್ಮ ಒಂದು ಕೈಯಲ್ಲಿ ಸೀರೆಯ ನಿರಿಗೆ, ಇನ್ನೊಂದರಲ್ಲಿ ಕಂಬಿ ಹಿಡಿದು ಇಳಿದು ಬರುತ್ತಿದ್ದರು. ಸವಿತಾ ಪಾತ್ರೆ ಬಿಟ್ಟು ಬಾಗಿಲಿಗೆ ಬಂದಳು.

"ಕೈ ಎತ್ತಿ" ಎಂದರು.

ಎತ್ತಿದೆ. ಅವರು ನನ್ನ ಪಕ್ಕ ಕೂತು, ಒಂದು ಹೆಂಟೆ ತೆಗೆದು ಅಂಗೈಯಲ್ಲಿ ಪುಡಿಮಾಡಿ ಮೂಸಿ ನೋಡಿದರು. ಆಮೇಲೆ ಬೆರಳಿನಿಂದಲೇ ಮೇಲಿನ ಪದರವನ್ನು ಇಷ್ಟಿಷ್ಟೇ ಒಡೆಯುತ್ತ ಹೋದರು. ಗಡ್ಡೆ ಎಲ್ಲೆಲ್ಲಿದೆ ಎಂದು ನನ್ನನ್ನು ಕೇಳಲೂ ಇಲ್ಲ, ಒಂದಕ್ಕೂ ಬೆರಳು ತಗುಲಿಸಲೂ ಇಲ್ಲ.

"ಮೇಲ್ಗಡೆ ಹೆಪ್ಪುಗಟ್ಟಿದೆ. ಅದು ತಲೆ ಎತ್ತೋದೆಂಗೆ, ಪಾಪ" ಎಂದರು. ಮೇಲೆ ಹೋಗಿ, ಸ್ನಾನದ ಒಲೆಯ ಬೂದಿಯನ್ನು ಮೊರದಲ್ಲಿ ತಂದು ಉದುರಿಸಿದರು. ಕೊನೆಗೆ ಸೆರಗಿಗೆ ಕೈ ಒರೆಸಿಕೊಂಡು ಸವಿತಾಳ ಕಡೆ ತಿರುಗಿದರು.

"ನೋಡಮ್ಮ, ಹತ್ತು ದಿನ ಈ ಬಾಗಿಲಿಗೆ ನಾನು ಬೀಗ ಹಾಕ್ತೀನಿ. ನೀರು ನಾನೇ ಹಾಕ್ಕೋತೀನಿ. ನಿಮ್ಮನೆಯವರನ್ನ ಈ ಕಡೆ ಬಿಟ್ರೆ ಒಂದೂ ಉಳಿಯಲ್ಲ."

"ಹಾಕಿ ಆಂಟಿ. ಕಾಲಿಗೆ ಕೆಸರು ಮಾಡ್ಕೊಂಡು ಅಡುಗೆಮನೆಗೆ ಬರೋದಾದ್ರೂ ತಪ್ಪುತ್ತೆ" ಎಂದಳು ಸವಿತಾ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವಳು ಇಷ್ಟು ಬೇಗ ಪಕ್ಷಾಂತರ ಮಾಡುತ್ತಾಳೆಂದು ಅಂದುಕೊಂಡಿರಲಿಲ್ಲ.

ಹಿತ್ತಿಲ ಕಡೆಯಿಂದ ಬೀಗ ಬಿತ್ತು. ಆ ದಿನಗಳ ಬಗ್ಗೆ ಹೆಚ್ಚು ಹೇಳಲಾರೆ. ಬಚ್ಚಲಿನ ಗವಾಕ್ಷಿಯಿಂದ ಹಿತ್ತಿಲು ಕಾಣಬಹುದೆಂದು ಬಕೆಟ್ ಬೋರಲು ಹಾಕಿ ಹತ್ತಿದೆ. ಕಂಡದ್ದು ಪುಟ್ಟತಾಯಮ್ಮನ ಎರಡು ಸೀರೆ, ಅರ್ಧ ಕಾಂಪೌಂಡು. ಇಳಿಯುವಾಗ ಬಕೆಟ್ ಸೀಳಿತು, ಪಾದ ಉಳುಕಿತು. ಮರುದಿನ ಕುಂಟುತ್ತ ಶಾಲೆಗೆ ಹೋದವನನ್ನು ಏನಾಯಿತೆಂದು ಕೇಳಿದರೆ, ಆಲೂಗಡ್ಡೆ ಎಂದು ಯಾವ ಬಾಯಿಂದ ಹೇಳುವುದು? ಮೆಟ್ಟಿಲು ಎಂದೆ. ಆದರೂ ಆ ದಿನಗಳಲ್ಲೇ ಒಂದು ಲೆಕ್ಕವನ್ನು ಹುಡುಗನೊಬ್ಬ ತಾನೇ ಪೂರ್ತಿ ಬಿಡಿಸುವವರೆಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅವನಿಗೇ ಆಶ್ಚರ್ಯವಾಗಿ, "ಸಾರ್, ಹುಷಾರಿಲ್ವಾ?" ಎಂದು ಕೇಳಿದ.

ದೀಪಾವಳಿ ಮುಗಿದು, ಬೀಗಕ್ಕೆ ಎಂಟು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಮುನಿರಾಜು ಎರಡು ಮೂಟೆ ಸಿಮೆಂಟು, ಒಂದು ಗಾಡಿ ಮರಳಿನೊಂದಿಗೆ ಬಂದು ನಿಂತ. ಬೇರೆ ಕಡೆಯ ಕೆಲಸ ನಿಂತಿತ್ತಂತೆ, ಎರಡು ದಿನ ಮೊದಲೇ ಬಂದಿದ್ದ. ಪುಟ್ಟತಾಯಮ್ಮ ಹಿಂದಿನ ದಿನವೇ ಕೆಂಗೇರಿಯ ತಂಗಿಯ ಮನೆಗೆ ಹೋಗಿದ್ದರು. ಮಹಡಿಗೂ ಬೀಗ, ಹಿಂಬಾಗಿಲಿಗೂ ಬೀಗ.

"ಕೀ ಯಾರ ಹತ್ರ ಸಾರ್?"

"ಅಮ್ಮನ ಹತ್ರ."

"ಪರವಾಗಿಲ್ಲ, ಕಾಂಪೌಂಡ್ ಹಾರ್ಕೊಂಡು ಶುರು ಮಾಡ್ತೀವಿ. ಒಂದ್ ಮಾತು ಅಮ್ಮಂಗೆ ಹೇಳ್ಬಿಡ್ತೀನಿ" ಎಂದು ಫೋನು ಹಚ್ಚಿದ. ನಾಲ್ಕು ಮಾತಾಡಿ ಫೋನನ್ನು ನನ್ನ ಕೈಗೆ ಕೊಟ್ಟ.

"ಏನ್ ಮಾಡ್ಲಿ ಮೇಷ್ಟ್ರೇ? ಬಂದೈತಾ?" ಎಂದರು ಪುಟ್ಟತಾಯಮ್ಮ.

ಬಂದಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಕೆಲಸ ಆಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಚಮಚದ ಸುಳ್ಳು ಹಿಡಿದವರ ಹತ್ತಿರ ಇನ್ನೊಂದು ನಡೆಯುವುದು ಕಷ್ಟ.

"ಗೊತ್ತಿಲ್ಲಮ್ಮ. ನಾನು ನೋಡಿಲ್ಲ. ಇನ್ನೆರಡು ದಿನ ಬಿಟ್ರೆ ಆಗ್ತಿತ್ತೇನೋ" ಎಂದೆ.

ಪುಟ್ಟತಾಯಮ್ಮ ನಕ್ಕರು. ಅವರು ನಗುವುದನ್ನು ನಾನು ಕೇಳಿದ್ದು ಅದೇ ಮೊದಲು.

"ಬಂದೈತೆ ಬಿಡಿ. ಗುರುವಾರಾನೇ ಬಂತು. ಮುನಿರಾಜುಗೆ ಕೊಡಿ."

ಮುನಿರಾಜು ಕೇಳಿಸಿಕೊಂಡು, ತಲೆ ಕೆರೆದುಕೊಂಡು, ಮರಳನ್ನು ಗೇಟಿನ ಮುಂದೆ ಸುರಿಸಿದ. ಒಡೆದಿದ್ದ ಮುಂಬಾಗಿಲ ಮೆಟ್ಟಿಲುಗಳಿಗೆ ಆ ಸಿಮೆಂಟು ಹೋಯಿತು.

ಸಂಜೆ ಪುಟ್ಟತಾಯಮ್ಮ ಬಂದವರೇ ಚೀಲವನ್ನೂ ಇಳಿಸದೆ ನಮ್ಮ ಅಡುಗೆಮನೆಗೆ ಬಂದು, ಸೊಂಟದ ಕೀಲಿಕೈ ಗೊಂಚಲನ್ನು ಸವಿತಾಳಿಗೆ ಕೊಟ್ಟರು. ಅವಳು ಮಹಡಿಗೆ ಹೋಗಿ, ಕಬ್ಬಿಣದ ಮೆಟ್ಟಿಲಿನಿಂದ ಹಿತ್ತಿಲಿಗೆ ಇಳಿದು ಆ ಕಡೆಯಿಂದ ಬೀಗ ತೆಗೆದಳು. ಬೂದಿ ಬಿದ್ದ ಮಣ್ಣನ್ನು ಸೀಳಿಕೊಂಡು ಏಳು ಸಸಿ ನಿಂತಿದ್ದವು. ಗಾಢ ಹಸಿರು, ಮಡಚಿದ ಎಲೆ, ಒಂದೊಂದೂ ಹೆಬ್ಬೆರಳಷ್ಟು. ನಾನು ಕೂತು ನೋಡಿದೆ. ಮುಟ್ಟಲಿಲ್ಲ. ಸವಿತಾ ಈ ಸಲ ಗರಿಕೆ ಎನ್ನಲಿಲ್ಲ.

"ಗುರುವಾರಾನೇ ಬಂದಿತ್ತಲ್ಲ, ಮೂರು ದಿನ ನನಗೆ ಹೇಳ್ದೇ ಹೇಗಿದ್ರಿ?" ಎಂದು ಸ್ವಲ್ಪ ಕೋಪದಿಂದಲೇ ಕೇಳಿದೆ.

ಪುಟ್ಟತಾಯಮ್ಮ ಸಸಿಗಳನ್ನೇ ನೋಡುತ್ತಿದ್ದರು.

"ಹೇಳಿದ್ರೆ ನೀವು ಬಂದು ಕೂತ್ಕೋತಿದ್ರಿ. ಈ ಮಣ್ಣಲ್ಲಿ ಒಂದು ಬೆಳೆ ನೋಡಿ ಎಷ್ಟು ವರ್ಷ ಆಗೋಗಿತ್ತು. ಸ್ವಲ್ಪ ದಿನ ನಾನೊಬ್ಳೇ ನೋಡ್ಕೋಬೇಕು ಅನ್ನಿಸ್ತು."

ಸವಿತಾ ಕಾಫಿಗಿಟ್ಟಳು. ಅವರು ಚೀಲವನ್ನು ಅಲ್ಲೇ ಇಟ್ಟು, ಹಿಂಬಾಗಿಲ ಹೊಸ್ತಿಲ ಮೇಲೆ ಕೂತು ಕುಡಿದರು.

ಮರುದಿನದಿಂದ ಬಾಗಿಲಿಗೆ ಬೀಗವಿಲ್ಲ. ಆದರೂ ನಾನು ಬೆಳಿಗ್ಗೆ ಹಿತ್ತಿಲಿಗೆ ಹೋಗುವುದನ್ನು ಅರ್ಧ ಗಂಟೆ ಮುಂದಕ್ಕೆ ಹಾಕಿದ್ದೇನೆ. ಒಳಗೆ ಹಾಸಿಗೆಯಲ್ಲೇ ಮಲಗಿ, ಕಬ್ಬಿಣದ ಮೆಟ್ಟಿಲು ಒಮ್ಮೆ ಇಳಿಯುವಾಗ, ಇನ್ನೊಮ್ಮೆ ಹತ್ತುವಾಗ ಕಿರುಗುಟ್ಟುವುದನ್ನು ಕೇಳುತ್ತೇನೆ. ಆಮೇಲೆ ಏಳುತ್ತೇನೆ.