ಆಷಾಢಕ್ಕೆ ಬಂದವಳು

ಮದುವೆಯೆಂದರೆ ಎರಡು ಜೀವಗಳು ಒಂದಾಗುವ ಪವಿತ್ರ ಘಳಿಗೆ ಎಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ನಮ್ಮ ಮಳವಳ್ಳಿ ಕಡೆಯ ಹಿರಿಯರು ಇದನ್ನು ಹೇಳುವುದು ಬೀಗರೂಟದ ಕುರಿಗಳು ನಿಗದಿಯಾದ ಮೇಲೆ, ಸಮಯ ಉಳಿದರೆ.

ಪೂರಿಗಾಲಿಯಲ್ಲಿ ನನ್ನ ತಂಗಿಯ ಮಗಳ ಮದುವೆ ನಡೆದಾಗ ಸಮಯ ಉಳಿಯಲಿಲ್ಲ. ಬೋಟಿ ಗೊಜ್ಜಿಗೆ ಯಾರ ಕೈ ಒಳ್ಳೆಯದು ಎಂಬ ವಿಷಯದ ಮೇಲೆ ಗಂಭೀರ ಚರ್ಚೆ ನಡೆಯಿತು. ನಾನೂ ಅಭಿಪ್ರಾಯ ಮಂಡಿಸಿದೆ. ಬಿ.ಎಡ್. ಮುಗಿಸಿದ್ದ ಹುಡುಗಿ ಅರಿಶಿನದ ದಿನ ಅಮ್ಮನನ್ನು ಒಳಕೋಣೆಗೆ ಕರೆದು ಏನೋ ಕೇಳಿದಳು. ತಂಗಿ ಮುಖ ಕೆಂಪಗೆ ಮಾಡಿಕೊಂಡು ಹೊರಬಂದಳು. ಅವೆಲ್ಲ ಗಂಡನೇ ಹೇಳಿಕೊಡುತ್ತಾನೆ, ನೀನು ಸುಮ್ಮನಿರು ಎಂದಳಂತೆ. ನಮ್ಮ ಮನೆತನದಲ್ಲಿ ತಾಯಿಯಿಂದ ಮಗಳಿಗೆ ದಾಟಿಬಂದ ಸಮಗ್ರ ಶಾಸ್ತ್ರ ಇಷ್ಟೇ.

ಗಂಡು ದುದ್ದದ ಕಡೆಯವನು, ಮೆದು ಮಾತಿನವನು. ಅವನಿಗೂ ಯಾರಾದರೂ ಹೇಳಿಕೊಡಬೇಕಲ್ಲ. ಆ ಅಧಿಕಾರ ವಾಡಿಕೆಯಂತೆ ಅವನ ಅಕ್ಕನ ಗಂಡನದು.

ಹೊಸ ಹೆಣ್ಣು ಆಷಾಢಕ್ಕೆ ತವರಿಗೆ ಬರುವುದು ಪದ್ಧತಿ. ಹಾಗಾಗಿ ಅವಳು ಬಂದಾಗ ಯಾರೂ ಏನೂ ಕೇಳಲಿಲ್ಲ. ಸೊರಗಿದ್ದಳು. ಗಂಡನನ್ನು ಬಿಟ್ಟಿರಲಾರದ ಸೊರಗು ಎಂದು ಅಕ್ಕಪಕ್ಕದವರು ರೇಗಿಸಿದರು, ನಾವೂ ನಕ್ಕೆವು. ಶ್ರಾವಣ ಹುಟ್ಟಿತು. ಅವಳ ಬ್ಯಾಗು ಅಟ್ಟದಿಂದ ಇಳಿಯಲಿಲ್ಲ. ಒಂದು ಮಧ್ಯಾಹ್ನ ನನ್ನ ಜೊತೆ ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು:

"ಒಡದಿಲ್ಲ, ಬೈದಿಲ್ಲ ದೊಡ್ಡವ್ವ. ನಾ ಬ್ಯಾಡ ಅಂದ್ರೆ ನಗ್ತಾರೆ. ನಾ ಅತ್ರೂ ನಗ್ತಾರೆ. ಸಂಜೆ ಆಯ್ತಿದ್ದಂಗೆ ನಂಗೆ ಕೈಕಾಲು ತಣ್ಣಗಾಯ್ತವೆ."

ತಂಗಿಗೆ ತಿಳಿಸಿದೆ. ಹೊಂದಿಕೊಳ್ಳುತ್ತಾಳೆ ಬಿಡು ಎಂದಳು. ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಅವಳೂ ಹೀಗೆಯೇ ಹೊಂದಿಕೊಂಡವಳು ಎಂಬುದು ಅಕ್ಕನಾದ ನನಗೆ ಅಂದು ಗೊತ್ತಾಯಿತು.

ಹುಡುಗನನ್ನು ಮದ್ದೂರಿನ ಹೋಟೆಲೊಂದಕ್ಕೆ ಕರೆಸಿದೆ. ಬೈಯಲು ಬೇಕಾದ ಮಾತುಗಳನ್ನು ಬಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಂಡಿದ್ದೆ. ಮೊದಲು ಅವಳು ಹೇಳಿದ್ದನ್ನು ಹಾಗೆಯೇ ಅವನ ಮುಂದಿಟ್ಟೆ.

"ಎಣ್ಮಕ್ಳು ಬ್ಯಾಡ ಅನ್ನೋದು ನಾಚ್ಕೆಗೆ ಕಣ್ಲಾ, ನೀನು ನಕ್ಬುಡು ಅಂತ ನಮ್ ಭಾವ ಏಳ್ಕೊಟ್ಟಿದ್ರು," ಎಂದ. "ಅವಳ್ನೇ ಕೇಳು ಅಂತ ಯಾರೂ ಏಳ್ಲಿಲ್ಲ ದೊಡ್ಡವ್ವ."

ಅದನ್ನೂ ಹೇಳಿಕೊಡಬೇಕಾಗಿತ್ತೇ ಎಂದೆ. ಕಾಫಿ ಲೋಟದ ಮುಂದೆ ಅವನು ಅಳತೊಡಗಿದ. ಪಕ್ಕದ ಮೇಜಿನವರು ಯಾರೋ ಸತ್ತಿದ್ದಾರೆಂದು ತಿಳಿದು ದನಿ ತಗ್ಗಿಸಿದರು. ಜೋಡಿಸಿಟ್ಟ ಬೈಗುಳಗಳಲ್ಲಿ ಒಂದೂ ನನಗೆ ಉಪಯೋಗಕ್ಕೆ ಬರಲಿಲ್ಲ.

ಆ ವಾರವೇ ಪೂರಿಗಾಲಿಗೆ ಬಂದು ಅವಳ ಕ್ಷಮೆ ಕೇಳಿದ. ಇನ್ನು ನೀನಾಗಿ ಹೂಂ ಅನ್ನುವ ತನಕ ಹತ್ತಿರ ಸುಳಿಯುವುದಿಲ್ಲ ಎಂದ. ಸುಳ್ಳು ಅನ್ನಿಸಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ನೀವು ಏಳೋದ್ನ ನಾನು ನಂಬ್ತೀನಿ," ಎಂದಳು. "ನನ್ ಮೈ ನಂಬಲ್ಲ. ನೀವು ಗೇಟು ತಗ್ದಿದ್ ಸದ್ದಿಗೇ ನಡುಗೋಯ್ತು."

ಅವನು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದ. ಗೇಟನ್ನು ಸದ್ದಾಗದಂತೆ ಹಾಕಿದ.

ವರ್ಷದ ಮೇಲೆ ಇಬ್ಬರೂ ಒಪ್ಪಿ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದರು. ಅವಳು ಈಗ ಮಂಡ್ಯದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುತ್ತಾಳೆ.