ಓರೆ ಬ್ರೇಕಿನ ಮಾರ್ಗರೀಟಾ

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಅಂಗಡಿಯ ಮುಂದೆ ಮಾರ್ಗರೀಟಾ ಸಿದ್ದಿ ಮೊಣಕಾಲೂರಿ ಕೂತಿದ್ದಾರೆ. ಎದುರಿಗೆ ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲಿನ ರೇಸ್ ಸೈಕಲ್. ರಬ್ಬರಿನ ಹೊದಿಕೆಯನ್ನು ಮಡಚಿ, ಒಳಗಿನ ಬೋಲ್ಟ್ ಸಡಿಲಿಸಿ, ಎಡಗಡೆಯ ಬ್ರೇಕ್ ಲಿವರನ್ನು ಒಂಚೂರು ಒಳಕ್ಕೆ ತಿರುಗಿಸುತ್ತಾರೆ. ಗೇರೂ ಅದರಲ್ಲೇ, ಬ್ರೇಕೂ ಅದರಲ್ಲೇ.

"ಕಣ್ಣ ಮುಚ್ಚು. ಈಗ ಹಿಡಿ," ಎನ್ನುತ್ತಾರೆ.

ಮುಂಡಗೋಡ ತಾಲೂಕಿನ ಪಾಳಾದ ಸುನಂದಾ ಕಣ್ಣು ಮುಚ್ಚಿ ಹಿಡಿಯುತ್ತಾಳೆ. ಹತ್ತೊಂಬತ್ತರ ಹುಡುಗಿ. ಇನ್ನೆರಡು ತಾಸಿಗೆ ದಾಂಡೇಲಿಗೆ ಹೋಗಿ ಬರುವ ರೇಸು. ಮೊದಲ ಮೂವರಲ್ಲಿ ಬಂದರೆ ಕ್ರೀಡಾ ಹಾಸ್ಟೆಲಿನಲ್ಲಿ ಅವಳ ಜಾಗ ಉಳಿಯುತ್ತದೆ, ಇಲ್ಲದಿದ್ದರೆ ಟ್ರಂಕು ಹೊತ್ತು ಊರಿಗೆ. ಹಿಂದಿನ ರೇಸಿನಲ್ಲಿ ಅವಳು ಹನ್ನೊಂದನೆಯವಳಾಗಿದ್ದಳು. ಅದಕ್ಕೆ ಕಾರಣ ತಾನೇ ಎಂದು ಮಾರ್ಗರೀಟಾ ಯಾರೂ ಕೇಳದಿದ್ದರೂ ಹೇಳುತ್ತಾರೆ.

ನಲವತ್ತೆಂಟರ ಮಾರ್ಗರೀಟಾ ಈ ಅಂಗಡಿಯಲ್ಲೇ ಬೆಳೆದವರು. ಅಪ್ಪ ಜೋಸೆಫ್ ಬಾಡಿಗೆ ಸೈಕಲ್ ಇಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ಮಗಳು ಬೋಲ್ಟ್ ತಿರುಗಿಸುವ ಪಾನಾ ಹಿಡಿದಾಗ ಊರಿನ ಗಂಡಸರಿಗೆ ಎಲ್ಲಿಲ್ಲದ ಅವಸರ ಬಂತು. ಪಂಕ್ಚರಾದ ಸೈಕಲನ್ನು ಅರ್ಧ ಮೈಲಿ ತಳ್ಳಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಿದ್ದರು, ಹೆಂಗಸಿನ ಕೈಗೆ ಕೊಡುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು. ಒಂದು ಮಳೆಗಾಲ ಆ ಅಂಗಡಿ ಮುಚ್ಚಿತ್ತು, ಬೇರೆ ದಾರಿಯಿಲ್ಲದೆ ಇಲ್ಲಿಗೆ ಬಂದರು, ಆಮೇಲೆ ಇಲ್ಲಿಗೇ ಬಂದರು. ಈಗ ದಿನಕ್ಕೆ ಏಳೆಂಟು ಪಂಕ್ಚರು, ಮೂರ್ನಾಲ್ಕು ಬ್ರೇಕು, ವಾರಕ್ಕೊಂದೆರಡು ರೇಸ್ ಸೈಕಲ್.

ಆರು ವರ್ಷದ ಹಿಂದೆ ಕ್ಯಾಸಲ್‌ರಾಕಿನ ಕಡೆ ಹೊರಟಿದ್ದ ಸವಾರನೊಬ್ಬ ಇವರ ಅಂಗಡಿಯ ಎದುರೇ ಬಿದ್ದ. ಒಂದು ಲಿವರ್ ಸೊಟ್ಟಗಾಗಿತ್ತು. ಅಂಥ ಸೈಕಲನ್ನು ಮಾರ್ಗರೀಟಾ ಕಂಡವರೇ ಅಲ್ಲ. ಬಿದಿರಿನ ಕಡ್ಡಿ ಸೀಳಿ, ನೆಟ್ಟಗಿದ್ದ ಲಿವರಿನ ಅಳತೆಗೆ ಕಚ್ಚು ಹಾಕಿ, ಇನ್ನೊಂದನ್ನು ಅದಕ್ಕೆ ಸರಿಯಾಗಿ ಕೂಡಿಸಿದರು. ಅಂದಿನಿಂದ ಆ ಕಡ್ಡಿ ಅವರ ಹೆಮ್ಮೆ. ಎಡಬಲ ಒಂದು ಕೂದಲೂ ಹೆಚ್ಚುಕಡಿಮೆಯಾಗಕೂಡದು.

ಸುನಂದಾಳ ಸೈಕಲನ್ನೂ ಹಾಗೇ ಕೂಡಿಸಿದ್ದರು. ರೇಸಿನ ನಡುವೆ ಅವಳ ಎಡಗೈ ಜೋಮು ಹಿಡಿಯಿತು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಧೈರ್ಯ ಸಾಲದೆ ಹಿಂದುಳಿದಳು. "ಬೆರಳ ಎಲ್ಲಿ ಅದಾವ ಅಂತನ ತಿಳೀಲಿಲ್ಲರಿ ಅಕ್ಕಾರ," ಎಂದು ಅಂಗಡಿಯಲ್ಲಿ ಕೂತು ಅತ್ತಿದ್ದಳು. ಮಾರ್ಗರೀಟಾ ಕಡ್ಡಿ ಹಿಡಿದು ಮತ್ತೆ ಅಳೆದರು. ಅಳತೆ ಸರಿಯಾಗೇ ಇತ್ತು.

ಅಂದು ಅಂಗಡಿಯಿಂದ ಹೊರಡುವ ಮುಂಚೆ ಹುಡುಗಿ ಚಕ್ರಕ್ಕೆ ಗಾಳಿ ಹೊಡೆಯತೊಡಗಿದಳು. ಪಂಪಿನ ಅಡ್ಡ ಹಿಡಿಯ ಮೇಲೆ ಬಲಗೈ ನೆಟ್ಟಗೆ, ಎಡಗೈ ಮಾತ್ರ ಒಳಮುಖ. ಕೇಳಿದರೆ, ಚಿಕ್ಕವಳಿದ್ದಾಗ ಚಕ್ಕಡಿಯಿಂದ ಬಿದ್ದು ಮುರಿದ ಕೈ, ಹಾಗೇ ಕೂಡಿಕೊಂಡಿದೆ ಎಂದಳು. ಮಾರ್ಗರೀಟಾ ನಗುತ್ತ ಅದನ್ನು ನೆನೆಯುತ್ತಾರೆ. "ಕಡ್ಡಿ ಸೈಕಲ್ಲ ಅಳದಿತ್ತರಿ, ಹುಡುಗೀನ ಅಳದಿರಲಿಲ್ಲ. ದಿನಾ ಮಂದಿ ನನ್ನ ಮುಂದ ಪಂಪ್ ಹೊಡೀತಾರ, ನಾ ಒಮ್ಮೆನೂ ಅವರ ಕೈ ನೋಡಿರಲಿಲ್ಲ."

ಇಂದು ಎಡ ಲಿವರ್ ಬಲಕ್ಕಿಂತ ಅರ್ಧ ಬೆರಳು ಹತ್ತಿರ, ತುಸು ಒಳಮುಖ. ಹಾಸ್ಟೆಲಿನ ತರಬೇತುದಾರರು ಬರುತ್ತಾರೆ, ನೋಡುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ. ಓರೆಯಾಗಿದೆ, ನೆಟ್ಟಗೆ ಮಾಡಿ ಎನ್ನುತ್ತಾರೆ.

"ಸೈಕಲ್ ಓರೆ ಇಲ್ರಿ ಸರ. ಆಕಿ ಕೈ ಹಂಗ ಐತಿ," ಎನ್ನುತ್ತಾರೆ ಮಾರ್ಗರೀಟಾ. ದನಿ ಸಣ್ಣದು, ಪಾನಾ ಮಾತ್ರ ಕೆಳಗಿಡುವುದಿಲ್ಲ.

ಸೋತರೆ ಜಾಗ ಹೋಗುವುದು ತರಬೇತುದಾರರದ್ದಲ್ಲ, ಮಾರ್ಗರೀಟಾರದ್ದೂ ಅಲ್ಲ. ಇಬ್ಬರೂ ಹುಡುಗಿಯ ಮುಖ ನೋಡುತ್ತಾರೆ. ಸುನಂದಾ ಒಮ್ಮೆ ಹ್ಯಾಂಡಲ್ ಹಿಡಿದು, ಬಿಟ್ಟು, ಮತ್ತೆ ಹಿಡಿದು, ಹೀಗೇ ಇರಲಿ ಎನ್ನುತ್ತಾಳೆ.

ರೇಸು ಹೊರಟ ಮೇಲೆ ಮಾರ್ಗರೀಟಾರ ಕೈಗೆ ಕೆಲಸ ಹತ್ತುವುದಿಲ್ಲ. ಹಾಲಿನವರ ಸೈಕಲ್ಲಿಗೆ ಒಂದೇ ಪಂಕ್ಚರನ್ನು ಎರಡು ಸಲ ಹಾಕುತ್ತಾರೆ. ಕೊನೆಗೆ ತಡೆಯಲಾರದೆ, ಮಸಿಗೈ ಒರೆಸಿಕೊಳ್ಳುತ್ತ ರಸ್ತೆಗೆ ಬಂದು ನಿಲ್ಲುತ್ತಾರೆ. ರೇಸು ಮುಗಿಯುವ ಗೆರೆ ಎಳೆದಿರುವುದು ಅಲ್ಲೇ ಸಮೀಪ, ಇಳಿಜಾರು ಮುಗಿಯುವ ತಿರುವಿನಿಂದ ಈಚೆ.

ತಿರುವಿನಲ್ಲಿ ಮೂವರು ಒಟ್ಟಿಗೆ ಕಾಣುತ್ತಾರೆ. ಇಬ್ಬರು ದೂರದಿಂದಲೇ ಬ್ರೇಕ್ ಹಿಡಿದು ನಿಧಾನಿಸುತ್ತಾರೆ. ಸುನಂದಾ ಕೊನೇ ಗಳಿಗೆಯವರೆಗೂ ಬಿಟ್ಟು, ಎರಡೂ ಕೈಯಲ್ಲಿ ಒಮ್ಮೆ ಅದುಮಿ, ತಿರುವನ್ನು ಒಳಗಿನಿಂದ ಹೊಕ್ಕು, ಗೆರೆಯನ್ನು ಮೊದಲನೆಯವಳಾಗಿ ದಾಟುತ್ತಾಳೆ. ಜನ ಶಿಳ್ಳೆ ಹೊಡೆಯುತ್ತಾರೆ. ಮಾರ್ಗರೀಟಾ ಸೆರಗನ್ನು ಬಾಯಿಗಿಟ್ಟುಕೊಂಡು ಅತ್ತೇಬಿಡುತ್ತಾರೆ. ಮುಖಕ್ಕೆಲ್ಲ ಮಸಿ.

ಹುಡುಗಿ ಹಾರಕ್ಕೂ ನಿಲ್ಲದೆ ಸೀದಾ ಇಲ್ಲಿಗೆ ಬರುತ್ತಾಳೆ. ಎಡಗೈ ಎತ್ತಿ ಒಂದೊಂದೇ ಬೆರಳು ಅಲ್ಲಾಡಿಸುತ್ತಾಳೆ.

"ಐದೂ ಅದಾವ ನೋಡ್ರಿ ಅಕ್ಕಾರ."

ಮುಂದೇನು ಆಸೆ ಎಂದು ಕೇಳಿದರೆ ಮಾರ್ಗರೀಟಾ ಯೋಚಿಸುತ್ತಾರೆ. ತಗಡಿನ ಮೇಲೆ ಹೆಸರು ಬರೆಸಬೇಕು, ಇಷ್ಟು ವರ್ಷವಾದರೂ ಅಪ್ಪನ ಹೆಸರೇ ಇದೆ, ಅದರ ಕೆಳಗೆ ತಮ್ಮದೂ ಇರಲಿ ಎನ್ನುತ್ತಾರೆ. ಅಷ್ಟರಲ್ಲಿ ತರಬೇತುದಾರರು ಬರುತ್ತಾರೆ, ತಮ್ಮದೇ ಸೈಕಲನ್ನು ತಳ್ಳಿಕೊಂಡು. ಬಹಳ ದಿನದಿಂದ ತಮಗೂ ಬಲಗೈ ನೋಯುತ್ತದೆ, ಸ್ವಲ್ಪ ನೋಡಬೇಕಿತ್ತು ಎಂದು ಮೆಲ್ಲಗೆ ಹೇಳುತ್ತಾರೆ.

ಮಾರ್ಗರೀಟಾ ಬಿದಿರಿನ ಕಡ್ಡಿಯನ್ನು ಮುಟ್ಟುವುದಿಲ್ಲ. ಪಂಪನ್ನು ಅವರ ಮುಂದಿಡುತ್ತಾರೆ.

"ಮೊದಲ ಗಾಳಿ ಹೊಡೀರಿ ಸರ. ನಿಮ್ಮ ಕೈ ನೋಡೂಣು."